ಹವಲ್ಲಿಯಲ್ಲಿ ಕೇಳಿದ ಕೋರ್ಟಿನ ಕೂಗು

ಗಲ್ಫಿನ ಹವಲ್ಲಿ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳಲು ನಿಂತಿದ್ದೆ. ಅಂಗಡಿಯ ಇಸ್ಮಾಯಿಲ್ ನಮ್ಮೂರಿನವನೇ. ಕಾರ್ಖಾನೆಯೊಂದು ಬಿಡುವ ಕಲ್ಲಿದ್ದಲ ಬೂದಿನೀರಿನಿಂದ ನಮ್ಮೂರ ತೊರೆ ಕೆಟ್ಟು, ಅವನ ತಾಯಿಯ ಬಾವಿಯೂ ಕಪ್ಪಾಗಿದೆ. ಊರವರು ಕಾರ್ಖಾನೆಯ ಮೇಲೆ ಹಾಕಿದ ಕೇಸಿಗೆ, ಅಲ್ಲಿ ಕೆಲಸ ಮಾಡಿದ್ದ ನಾನೇ ಸಾಕ್ಷಿ. ಕಂಪನಿಯವರ ಬೆದರಿಕೆಗೆ ಅಂಜಿ, ಇಲ್ಲಿ ಮಗಳ ಮನೆಗೆ ಬಂದುಬಿಟ್ಟೆ. ಇವತ್ತೇ ವಿಚಾರಣೆ.

"ಕೇಸು ಮುಂದಕ್ಕೆ ಹೋಯ್ತಾ ಶೆಟ್ರೇ?" ಇಸ್ಮಾಯಿಲ್ ಕೇಳಿದ. "ಹೋಗ್ಲಿ, ನೀವಿರುವಾಗ ನಮಗೆಂತ ಹೆದರಿಕೆ ಮಾರಾಯ್ರೆ!"

ಹೌದು, ಮುಂದಕ್ಕೆ ಹೋಯ್ತೆಂದು ಸುಳ್ಳು ಹೇಳಿದೆ. ನನ್ನೊಡನೆ ಮಾತಾಡಿಸಲೆಂದು ಅವನು ತಾಯಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿದ. ಆಕೆ ಕೋರ್ಟಿನ ಜಗಲಿಯಲ್ಲಿದ್ದರು.

"ಶೆಟ್ರ ಹೆಸರನ್ನು ಮೂರು ಸಲ ಕೂಗಿದ್ರು ಮಗಾ. ಪಾಪ, ಆಸ್ಪತ್ರೆಯಲ್ಲಿದ್ದಾರೋ ಏನೋ. ನಿನಗೇನಾದ್ರೂ ಗೊತ್ತುಂಟಾ?"

ಇಸ್ಮಾಯಿಲ್ ನನ್ನನ್ನೇ ನೋಡಿದ. ಸಿಮ್ಮನ್ನು ನನ್ನ ಮುಂದಿಟ್ಟು, "ಇಲ್ಲ ಉಮ್ಮಾ, ಗೊತ್ತಿಲ್ಲ" ಎಂದ.