ಬಿಳಿ ಪರದೆ ಮುಂದೆ ಗಿರೀಶ, ಪಕ್ಕದಲ್ಲಿ ನಾನು

ಓದೋ ಎಲ್ಲರಿಗೂ ನಮಸ್ಕಾರ. ನಾನು ಬರೆಯೋ ಪೈಕಿ ಅಲ್ಲ. ಪೀಣ್ಯದ ಒಂದು ಕಾರ್ಖಾನೇಲಿ ಪಂಪಿನ ಬಿಡಿಭಾಗಗಳ ಅಳತೆ ನೋಡಿ ಪಾಸು, ಫೇಲು ಅಂತ ಬೇರೆ ಮಾಡೋನು. ಒಂದೇ ಬೆರಳಲ್ಲಿ ಮೊಬೈಲಲ್ಲಿ ಟೈಪ್ ಮಾಡ್ತಿದೀನಿ. ಒಂದು ಒತ್ತಕ್ಷರ ಸಿಗೋ ಹೊತ್ತಿಗೆ ಮುಂದೆ ಏನ್ ಹೇಳ್ಬೇಕಿತ್ತು ಅನ್ನೋದೇ ಮರೆತುಹೋಗಿರುತ್ತೆ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಹಾಗೆ ಕೇಳೋಕೂ ಸ್ವಲ್ಪ ನಾಚಿಕೆ ಆಗುತ್ತೆ, ಯಾಕಂದ್ರೆ ನಾನು ಹೇಳೋಕೆ ಹೊರಟಿರೋದೂ ಹೊಟ್ಟೆ ವಿಷಯಾನೇ. ನನ್ನ ಹೊಟ್ಟೆ, ಅದರೊಳಗಿನ ಕಿಚ್ಚು.

ಪ್ರೀತಿಗೆ ಎದೆ ಇದೆ, ಸಿಟ್ಟಿಗೆ ಮೂಗಿನ ತುದಿ ಇದೆ. ಈ ಮತ್ಸರಕ್ಕೆ ಮಾತ್ರ ನಮ್ಮೋರು ಹೊಟ್ಟೇನೇ ಯಾಕೆ ಕೊಟ್ರು ಅಂತ ಬಸ್ಸಲ್ಲಿ ನಿಂತ್ಕೊಂಡು ಎಷ್ಟೋ ಸಲ ಯೋಚ್ನೆ ಮಾಡಿದೀನಿ. ನನ್ನ ಅಂದಾಜಿಗೆ, ಬೇರೆ ಎಲ್ಲಾ ಅಪರೂಪಕ್ಕೆ ಬಂದು ಹೋಗುತ್ತೆ. ಇದು ಹಸಿವಿನ ಥರ, ಹೊತ್ತಿಗೆ ಸರಿಯಾಗಿ ದಿನಾ ಬರುತ್ತೆ. ನಂಗಂತೂ ಬೆಳಿಗ್ಗೆ ಎಂಟೂವರೆಗೆ ಗಿರೀಶ ಬಂದು ಪಕ್ಕದ ಸ್ಟೂಲ್ ಎಳೆದ ಸದ್ದು ಕೇಳಿದ ತಕ್ಷಣ ಶುರು.

ಗಿರೀಶ ಅಂದ್ರೆ ನಾನು ಕೂರೋ ಟೇಬಲಲ್ಲೇ ಅಳತೆ ನೋಡೋ ಇನ್ನೊಬ್ಬ. ದಾವಣಗೆರೆಯೋನು, ಇಂಜಿನಿಯರಿಂಗ್ ಓದಿದಾನೆ, ನನಗಿಂತ ಹನ್ನೊಂದು ವರ್ಷ ಚಿಕ್ಕೋನು. ಮೈಕ್ರೋಮೀಟರ್ ಹಿಡಿಯೋದು ಹೇಳ್ಕೊಟ್ಟಿದ್ದು ನಾನು. ಈಗ ಹೊರಗಿನಿಂದ ಕಸ್ಟಮರ್ ಬಂದ್ರೆ ಅವನ ಕೈ ಕುಲುಕ್ತಾರೆ, ನನ್ನ ಕಡೆ ನೋಡಿ ತಲೆ ಆಡಿಸ್ತಾರೆ. ಹುಡುಗ ಒಳ್ಳೆಯೋನು, ತೊಂದರೆ ಇರೋದೇ ಅಲ್ಲಿ. ಕೆಟ್ಟೋನಾಗಿದ್ರೆ ಮನಸಲ್ಲೇ ನಾಲ್ಕು ಬೈಕೊಂಡು ಹಗುರ ಆಗ್ಬಹುದಿತ್ತು. ಇವನು ದಿನಾ "ಅಣ್ಣಾ, ಊಟ ಆಯ್ತಾ?" ಅಂತ ಕೇಳ್ತಾನೆ. ತಲೆ ತುಂಬ ಕೂದಲು ಬೇರೆ.

ಹೋದ ತಿಂಗಳು ನಮ್ಮ ಎಚ್‌ಆರ್ ಸುಷ್ಮಾ ಮೇಡಂ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ರು. ಕಂಪನಿ ವೆಬ್‌ಸೈಟ್ ಹೊಸದಾಗಿ ಮಾಡ್ತಿದಾರೆ, ಅದರಲ್ಲಿ ನಮ್ಮ ಜನ ಅಂತ ಒಂದು ಪುಟ, ಒಂದೊಂದು ವಿಭಾಗದೋರ ಫೋಟೋ ಒಂದೊಂದು ಸಾಲು. ಕ್ವಾಲಿಟಿಯಲ್ಲಿ ಇರೋದೇ ನಾವಿಬ್ರು. ಅಂದ್ರೆ ಗಿರೀಶನ ಮುಖ, ಅದರ ಪಕ್ಕದಲ್ಲೇ ನನ್ನ ಮುಖ. ಇಷ್ಟು ದಿನ ಟೇಬಲ್ ಹತ್ರ ಬಂದೋರಷ್ಟೇ ಇಬ್ಬರನ್ನೂ ಹೋಲಿಸಿ ನೋಡ್ತಿದ್ರು. ಇನ್ಮೇಲೆ ಪ್ರಪಂಚದ ಯಾವ ಮೂಲೇಲಿ ಕೂತ್ಕೊಂಡಾದ್ರೂ ನೋಡಬಹುದು. ಮೆಸೇಜಿನ ಕೊನೇಲಿ ಇಂಗ್ಲಿಷಲ್ಲಿ ಬರೆದಿತ್ತು: ಪ್ರೊಫೆಷನಲ್ ಹೆಡ್‌ಶಾಟ್, ಪ್ಲೇನ್ ವೈಟ್ ಬ್ಯಾಕ್‌ಗ್ರೌಂಡ್, ಬುಧವಾರ ಹನ್ನೊಂದು ಗಂಟೆ.

ಹೆಡ್‌ಶಾಟ್ ಅಂದ್ರೇನು ಅಂತ ಮಗಳನ್ನ ಕೇಳ್ದೆ. "ಗೇಮಲ್ಲಿ ತಲೆಗೆ ಗುಂಡು ಹೊಡೆಯೋದಪ್ಪಾ" ಅಂದ್ಳು. ಅದಕ್ಕೂ ನಾನು ಅಷ್ಟು ಹೆದರಲಿಲ್ಲ. ಹೆದರಿದ್ದು ಬ್ಯಾಕ್‌ಗ್ರೌಂಡ್ ಅನ್ನೋ ಪದಕ್ಕೆ. ಬೆಂಗಳೂರಿಗೆ ಬಂದು ಹದಿನೆಂಟು ವರ್ಷ ಆಯ್ತು, ಆ ಪದ ನಾನು ಕೇಳಿರೋದು ಇಂಟರ್‌ವ್ಯೂಗಳಲ್ಲಿ ಮಾತ್ರ. ಎಲ್ಲಿ ಓದಿದ್ದು, ಯಾವಾಗ ಓದಿದ್ದು, ಮಧ್ಯೆ ಇಷ್ಟು ವರ್ಷ ಎಲ್ಲಿ ಹೋಗಿದ್ದೆ ಅನ್ನೋದನ್ನೆಲ್ಲ ಒಂದೇ ಪದದಲ್ಲಿ ಕೇಳೋದು ಅದು. ಪ್ಲೇನ್ ವೈಟ್ ಅಂದ್ರೆ ಒಂದು ಕಲೆಯೂ ಇಲ್ಲದ ಹಿನ್ನೆಲೆ ಇರೋರು ಮಾತ್ರ ಬನ್ನಿ ಅಂತ ಅರ್ಥ ಮಾಡ್ಕೊಂಡೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು. ಹೊಸದುರ್ಗದ ಹಿಟ್ಟಿನ ಗಿರಣೀಲಿ ಎಂಟು ವರ್ಷ ಕೆಲಸ ಮಾಡಿ, ಆಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ, ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲ ಪಾಸಾದೋನು. ಐಟಿಐನಲ್ಲಿ ಪಕ್ಕದಲ್ಲಿ ಕೂರ್ತಿದ್ದ ಹುಡುಗ್ರು ನನ್ನ ಮಾಮ ಅಂತಿದ್ರು.

ಮಾರನೇ ದಿನ ದಾಸರಹಳ್ಳಿ ಮನೆಯಿಂದ ಮಾರ್ಕ್ಸ್ ಕಾರ್ಡಿನ ಫೈಲ್ ಕಂಕುಳಲ್ಲಿ ಇಟ್ಕೊಂಡು ಸೀದಾ ಮೇಡಂ ಹತ್ರ ಹೋದೆ.

"ಮೇಡಂ, ನನ್ನ ಬ್ಯಾಕ್‌ಗ್ರೌಂಡ್ ಪೂರ್ತಿ ಪ್ಲೇನ್ ಇಲ್ಲ. ಮಧ್ಯೆ ಎಂಟು ವರ್ಷ ಗ್ಯಾಪ್ ಇದೆ. ನನ್ನ ಫೋಟೋ ಬಿಟ್ಬಿಡ್ತೀರಾ?"

ಮೇಡಂ ಫೈಲ್ ನೋಡಿದ್ರು, ನನ್ನ ನೋಡಿದ್ರು. "ಅಯ್ಯೋ ತಿಪ್ಪೇಸ್ವಾಮಿ, ಬ್ಯಾಕ್‌ಗ್ರೌಂಡ್ ಅಂದ್ರೆ ಹಿಂದೆ ಕಟ್ಟೋ ಬಿಳಿ ಪರದೆ ಕಣ್ರೀ! ಫೋಟೋಗ್ರಾಫರೇ ತರ್ತಾರೆ. ಅದಿರ್ಲಿ, ಆ ಎಂಟು ವರ್ಷ ಏನ್ ಮಾಡ್ತಿದ್ರಿ?"

"ಹಿಟ್ಟಿನ ಗಿರಣೀಲಿದ್ದೆ ಮೇಡಂ."

"ಮತ್ತಿನ್ನೇನು! ನಿಮ್ಮಷ್ಟು ವೈಟ್ ಬ್ಯಾಕ್‌ಗ್ರೌಂಡ್ ಈ ಕಂಪನೀಲಿ ಇನ್ಯಾರಿಗಿದೆ ಹೇಳಿ" ಅಂತ ನಕ್ಕರು. ನಾನೂ ನಕ್ಕೆ. ಬಾಗಿಲ ಹತ್ರ ನಿಂತಿದ್ದ ಗಿರೀಶನೂ ನಕ್ಕ, ಅದು ಮಾತ್ರ ನಂಗೆ ಇಷ್ಟ ಆಗ್ಲಿಲ್ಲ.

ನಮ್ಮೂರ ಸ್ಟುಡಿಯೋದಲ್ಲಿ ಪರದೆ ಅಂದ್ರೆ ಅದಕ್ಕೊಂದು ಗತ್ತು ಇರ್ತಿತ್ತು. ಜಲಪಾತ, ಹಂಸ, ಮೆಟ್ಟಿಲಿರೋ ಬಂಗಲೆ, ಯಾವುದು ಬೇಕೋ ಆರಿಸ್ಕೊಳ್ಳಬಹುದಿತ್ತು. ಮದುವೆ ಆದ ವಾರ ನಾನೂ ನನ್ನ ಹೆಂಡ್ತಿ ಮಂಜುಳಾನೂ ಜಲಪಾತದ ಮುಂದೆ ನಿಂತು ತೆಗೆಸಿದ ಫೋಟೋ ಈಗಲೂ ಮನೇಲಿದೆ. ನೋಡಿದೋರೆಲ್ಲ ನೀರು ಎಷ್ಟು ಚೆನ್ನಾಗಿ ಬಂದಿದೆ ಅಂತಾರೆ. ಮುಖದ ಬಗ್ಗೆ ಇವತ್ತಿನವರೆಗೂ ಯಾರೂ ಒಂದು ಮಾತೂ ಆಡಿಲ್ಲ. ಅದು ಆ ಪರದೆ ಮಾಡಿರೋ ಉಪಕಾರ. ಹಿನ್ನೆಲೆ ಗಾಯಕರು ಅಂತೀವಲ್ಲ, ದನಿ ಕೇಳಿಸುತ್ತೆ, ಮುಖ ಕಾಣಲ್ಲ. ನಾನೂ ಇಷ್ಟು ವರ್ಷ ಹಾಗೇ ಕೆಲಸ ಮಾಡಿದೋನು. ಬಿಳಿ ಪರದೆ ಮುಂದೆ ಆ ಸೌಕರ್ಯ ಇಲ್ಲ. ಬಚ್ಚಿಟ್ಕೊಳ್ಳೋಕೆ ಹಿಂದೆ ಒಂದು ಹಂಸ ಕೂಡ ಇರಲ್ಲ, ಮೂಗು ಎಷ್ಟಿದೆಯೋ ಅಷ್ಟೂ ಮೂಗು ಕಾಣುತ್ತೆ.

ಬುಧವಾರ ನಾವು ಊಟ ಮಾಡೋ ಹಾಲಲ್ಲೇ ಪರದೆ ಕಟ್ಟಿದ್ರು. ನಾನು ಇಸ್ತ್ರಿ ಮಾಡಿದ ಹೊಸ ಬಿಳಿ ಶರ್ಟ್ ಹಾಕ್ಕೊಂಡು ಹೋಗಿದ್ದೆ. ಫೋಟೋಗ್ರಾಫರ್ ಒಂದು ತೆಗೆದು, ನೋಡಿ, ತಲೆ ಕೆರ್ಕೊಂಡ. "ಸಾರ್, ಬಿಳಿ ಮೇಲೆ ಬಿಳಿ. ನಿಮ್ಮ ತಲೆ ಒಂದೇ ತೇಲ್ತಾ ಇದೆ." ಎಲ್ಲರೂ ನಗೋ ಹೊತ್ತಿಗೆ ಗಿರೀಶ ತನ್ನ ನೀಲಿ ಕೋಟು ಬಿಚ್ಚಿ "ಹಾಕ್ಕೊಳ್ಳಿ ಅಣ್ಣಾ" ಅಂತ ಕೊಟ್ಟ. ಕೋಟು ಭುಜದಲ್ಲಿ ದೊಡ್ಡದು, ಹೊಟ್ಟೇಲಿ ಚಿಕ್ಕದು. "ಗದ್ದ ಕೆಳಗೆ ಸಾರ್. ಉಸಿರು ಬಿಡಿ ಸಾರ್. ಈಗ ನ್ಯಾಚುರಲ್ ಆಗಿ ನಗಿ ಸಾರ್." ಹೇಳಿಸ್ಕೊಂಡು ನಗೋದು ನ್ಯಾಚುರಲ್ ಹೇಗಾಗುತ್ತೆ? ಆಮೇಲೆ ಅದೇ ಕೋಟು ಹಾಕ್ಕೊಂಡು ಗಿರೀಶ ನಿಂತ. ಫೋಟೋಗ್ರಾಫರ್ ಏನೂ ಹೇಳ್ಲೇ ಇಲ್ಲ, ಸುಮ್ನೆ ಒತ್ತುತ್ತಾ ಹೋದ.

ಶುಕ್ರವಾರ ಗಿರೀಶ ಅಕ್ಕನ ಮನೆ ಗೃಹಪ್ರವೇಶ ಅಂತ ಊರಿಗೆ ಹೋಗಿದ್ದ. ಮಧ್ಯಾಹ್ನ ಮೇಡಂ ನನ್ನ ಕರೆದ್ರು. ಕಂಪ್ಯೂಟರ್ ತುಂಬ ಗಿರೀಶನ ಮುಖ, ಹನ್ನೆರಡು. "ಅವ್ರು ಫೋನ್ ತೆಗೀತಿಲ್ಲ. ಸಂಜೆ ಒಳಗೆ ಕಳಿಸ್ಬೇಕು. ದಿನಾ ಆ ಮುಖ ನೋಡೋರು ನೀವು, ಒಂದು ಹೇಳ್ಬಿಡಿ."

ಹನ್ನೊಂದು ಫೋಟೋದಲ್ಲಿ ಅವನು ಸೂಟಿಂಗ್ ಅಂಗಡಿ ಜಾಹೀರಾತಲ್ಲಿ ನಿಂತ ಹಾಗಿದ್ದ. ಏಳನೇದರಲ್ಲಿ ಮಾತ್ರ ಯಾಕೋ ಬಾಯಿ ತುಂಬ ನಗು ಬಂದು ಒಂದು ಕಣ್ಣು ಸಣ್ಣಗಾಗಿ, ಕೆನ್ನೆ ಒಂದು ಕಡೆ ಎಳೆದು, ಸೊಟ್ಟ ಹಲ್ಲು ಹೊರಗೆ ಬಂದಿತ್ತು. ಕೂದಲೆಳೆಯಷ್ಟು ದೋಷ ಇದ್ರೂ ಕಂಡುಹಿಡಿಯೋದು ನನ್ನ ಕೆಲಸ. ಇದು ಅಷ್ಟು ದೂರದಿಂದಲೇ ಕಾಣ್ತಿತ್ತು.

"ಏಳನೇದು ಮೇಡಂ."

"ಇದಾ? ಶ್ಯೂರಾ?"

"ಹೂಂ ಮೇಡಂ. ನ್ಯಾಚುರಲ್ ಆಗಿದೆ."

ಹದಿನೆಂಟು ವರ್ಷದ ಸರ್ವೀಸಲ್ಲಿ ಮೊದಲ ಸಲ, ರಿಜೆಕ್ಟ್ ಮಾಲು ಅಂತ ಗೊತ್ತಿದ್ದೂ ಪಾಸ್ ಮಾಡ್ದೆ.

ಶನಿವಾರ ಪುಟ ಬಂತು. ಮೊಬೈಲಲ್ಲಿ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಒಂದು ಹತ್ತು ನಿಮಿಷ ಬಹಳ ಚೆನ್ನಾಗಿತ್ತು. ಆಮೇಲೆ ಉರಿ ಶುರುವಾಯ್ತು, ಇದು ಬೇರೆ ಥರದ ಉರಿ. ಮಂಜುಳಾ ಮಜ್ಜಿಗೆ ಕೊಟ್ಳು, ಇಳೀಲಿಲ್ಲ. ಆ ಹುಡುಗ ಮೈಮೇಲಿನ ಕೋಟು ಬಿಚ್ಚಿ ಕೊಟ್ಟಿದ್ದ. ನಾನು ಅವನ ಸೊಟ್ಟ ಹಲ್ಲನ್ನ ಊರಿಗೆಲ್ಲ ತೋರಿಸಿದ್ದೆ. ಸೋಮವಾರ ಅವನಿಗೆ ಯಾವ ಮುಖ ತೋರಿಸೋದು ಅನ್ನೋದೇ ಯೋಚ್ನೆ ಆಯ್ತು.

ಸೋಮವಾರ ನಾನು ತಲೆ ಬಗ್ಗಿಸಿ ಮೈಕ್ರೋಮೀಟರ್ ಒರೆಸ್ತಾ ಕೂತಿದ್ದೆ. ಅವನು ಬಂದೋನೇ "ಅಣ್ಣಾ, ನನ್ನ ಫೋಟೋ ಆರಿಸಿದ್ದು ನೀವಂತೆ?" ಅಂದ. ನಾನು ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ಮೇಡಂ ಹನ್ನೆರಡೂ ಕಳಿಸಿದ್ರು, ನನ್ನ ಹೆಂಡ್ತಿಗೆ ತೋರಿಸ್ದೆ ಅಣ್ಣಾ. 'ಇದೊಂದೇ ನೀವು, ಮಿಕ್ಕಿದ್ದೆಲ್ಲ ಯಾರೋ' ಅಂದ್ಳು. ಎರಡು ದಿನದಿಂದ ಅದನ್ನೇ ಇಟ್ಕೊಂಡಿದಾಳೆ ಫೋನಲ್ಲಿ. ಬನ್ನಿ, ಬೆಣ್ಣೆ ದೋಸೆ ಕೊಡಿಸ್ತೀನಿ."

ಹೋಟೆಲಲ್ಲಿ ಕೂತು ನಿಜ ಹೇಳೋಕೆ ಬಾಯಿ ತೆರೆದೆ, ಅಷ್ಟರಲ್ಲಿ ದೋಸೆ ಬಂತು. ಅರ್ಧ ತಿಂದಿದ್ದೆ, ಗಿರೀಶ ತಾನಾಗೇ ಅಂದ: "ನಿಮ್ಮದು ನಾನು ಆರಿಸಿದ್ದು, ಗೊತ್ತಾ? ಗುರುವಾರ ಮಗಳ ಸ್ಕೂಲ್ ಮೀಟಿಂಗ್ ಅಂತ ನೀವು ರಜಾ ಹಾಕಿದ್ರಲ್ಲ, ಮೇಡಂ ನನ್ನ ಕೇಳಿದ್ರು."

ನನ್ನ ಫೋಟೋದಲ್ಲಿ ಕುತ್ತಿಗೆ ಒಳಗೆ ಹೋಗಿದೆ, ತುಟಿ ಬಿಗಿದಿದೆ, ಇಂಜೆಕ್ಷನ್ ಚುಚ್ಚೋಕೆ ಮುಂಚೆ ಹೇಗಿರ್ತಾರೋ ಹಾಗಿದೆ. ನಾನು ಇರೋದೇ ಅಷ್ಟು ಅಂತ ಸುಮ್ಮನಾಗಿದ್ದೆ.

"ಬೇರೆ ಚೆನ್ನಾಗಿರೋವು ಇರ್ಲಿಲ್ವಾ?" ಅಂದೆ.

"ಇದ್ವು ಅಣ್ಣಾ" ಅಂದು ಚಟ್ನಿ ಕಡೆ ನೋಡ್ದ.

ಆ ನೋಟ ನಂಗೆ ಗೊತ್ತು. ಶುಕ್ರವಾರ ನನ್ನ ಕಣ್ಣಲ್ಲೂ ಅದೇ ಇತ್ತು. ನನ್ನ ಹತ್ರ ಇವನಿಗೆ ಹೊಟ್ಟೆ ಉರಿಯೋಂಥದ್ದು ಏನಿದೆ? ಮಿಷಿನ್ ಮೇಲಿರೋರು ಅಳತೇಲಿ ಅನುಮಾನ ಬಂದ್ರೆ ಅವನನ್ನ ದಾಟಿ ನನ್ನ ಹತ್ರ ಬರ್ತಾರೆ, ಅದಾ? ಕೇಳ್ಲಿಲ್ಲ. ಅವನೂ ನನ್ನ ಕೇಳ್ಲಿಲ್ಲ. ಆದ್ರೆ ನಿಜ ಹೇಳ್ತೀನಿ, ಇಂಜಿನಿಯರಿಂಗ್ ಓದಿರೋ ಒಬ್ಬ ನನ್ನ ನೋಡಿ ಹೊಟ್ಟೆಕಿಚ್ಚು ಪಟ್ಟಿರಬಹುದು ಅಂತ ಅನ್ನಿಸಿದಾಗ ಆದ ಖುಷಿ, ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರ್ಲಿಲ್ಲ. ಮರ್ಯಾದೆ ಕೊಡೋರು ಎಷ್ಟೋ ಜನ ಸಿಗ್ತಾರೆ. ಕಷ್ಟಪಟ್ಟು ನಮ್ಮ ಕೆಟ್ಟ ಫೋಟೋ ಹುಡುಕೋರು ಸಿಗೋದು ಕಷ್ಟ. ಇನ್ನೊಂದು ದೋಸೆ ಹೇಳ್ದೆ, ಅದನ್ನ ಇಬ್ರೂ ಹಂಚ್ಕೊಂಡು ತಿಂದ್ವಿ.

ನಿಮ್ಮ ಆಫೀಸು, ಫ್ಯಾಕ್ಟರೀಲೂ ಹೀಗೆ ಏನಾದ್ರೂ ನಡೆದಿದ್ರೆ ದಯವಿಟ್ಟು ಬರೀರಿ, ನಿಧಾನಕ್ಕಾದ್ರೂ ಎಲ್ಲಾ ಓದ್ತೀನಿ. ನಿಮ್ಮ ಫೋಟೋ ಆರಿಸೋಕೆ ಮಾತ್ರ ನನ್ನ ಕೈಗೆ ಕೊಡಬೇಡಿ.