ಸುಡಾನಿನಲ್ಲಿ ಕಲಿತ ಜೋಳದ ರೊಟ್ಟಿ

ಬಾದಶಹಾ ಅವರಿಗೆ ಬಲಗಿವಿ ಕೇಳುವುದಿಲ್ಲ. ಅದಕ್ಕೇ ಅವರ ತಾಯಿ ಇಸ್ಮತಬಿ ಯಾವಾಗಲೂ ಮಗನ ಎಡಗಡೆಗೇ ಕೂರುತ್ತಾರೆ. ಬೈದದ್ದು ವ್ಯರ್ಥವಾಗಬಾರದಲ್ಲ.

ಗಡಿಯೂರು ಜತ್ತದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ವಿಜಯಪುರದ ಮೊದಲ ಬಸ್ಸು ನಿಂತಲ್ಲೇ ಗುರುಗುಟ್ಟುತ್ತಿದೆ. ತಗಡಿನ ರೊಟ್ಟಿ ಅಂಗಡಿಯ ಹಿಂಬದಿಯಲ್ಲಿ, ಹಳೆ ಸೀರೆಯ ಪರದೆಯ ಮರೆಯಲ್ಲಿ, ಬಾದಶಹಾ ಒಲೆಯ ಮುಂದೆ ಕುಳಿತಿದ್ದಾರೆ. ವಯಸ್ಸು ನಲವತ್ತರ ಹತ್ತಿರ. ಕೂದಲು ಇನ್ನೂ ಮಿಲಿಟರಿ ಕಟಿಂಗು, ಮೊಣಕೈವರೆಗೆ ಹಿಟ್ಟು. ಹಿಟ್ಟಿನ ಮುದ್ದೆ ಅಂಗೈಯ ಪೆಟ್ಟಿಗೆ ಗರಗರ ತಿರುಗುತ್ತ ಅಗಲವಾಗುತ್ತದೆ. ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕುತ್ತಾರೆ, ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ, ಹೊರಳಿಸುತ್ತಾರೆ. ರೊಟ್ಟಿ ಉಬ್ಬುತ್ತದೆ.

“ಅಂಚು ಸೀಳೇತಿ,” ಎನ್ನುತ್ತಾರೆ ಇಸ್ಮತಬಿ.

“ಎಲ್ಲೇತಿ ತೋರ್ಸು ಅಮ್ಮಾ.”

“ಕಿವಿ ಒಂದ ಹೋಗೇತಿ ಅಂದ್ಕೊಂಡಿದ್ದೆ. ಕಣ್ಣೂ ಹೋದ್ವೇನು?”

ದಿನಕ್ಕೆ ಮುನ್ನೂರು ರೊಟ್ಟಿ ಇಲ್ಲಿಂದ ಹೋಗುತ್ತವೆ. ಕಾಲೇಜಿನ ಹುಡುಗರು, ಕಚೇರಿಯ ನೌಕರರು, ಬಸ್ ಕಂಡಕ್ಟರುಗಳು ಒಯ್ಯುತ್ತಾರೆ. ಹೊರಗೆ ದುಡ್ಡಿನ ಗಲ್ಲೆಯ ಹತ್ತಿರ ಹೆಂಡತಿ ಯಾಸ್ಮಿನ ಕೂತಿರುತ್ತಾರೆ. ಬಂದವರು ಅವರನ್ನೇ ಹೊಗಳುತ್ತಾರೆ: “ಭಾಭಿ, ನಿಮ್ಮ ಕೈಗುಣ ಭಾಳ ಚಲೋ ಐತಿ.” ಪರದೆಯ ಹಿಂದೆ ಬಾದಶಹಾ ಅದನ್ನು ಒಳ್ಳೆಯ ಕಿವಿಯಿಂದ ಕೇಳಿಸಿಕೊಳ್ಳುತ್ತಾರೆ.

ಅವರಿಗೆ ಬೇಕಾದದ್ದು ಒಂದೇ. ಒಲೆ ಪರದೆಯ ಹಿಂದಿನಿಂದ ಅಂಗಡಿಯ ಮುಂದಕ್ಕೆ ಬರಬೇಕು, ತಾವು ಬಡಿಯುವುದನ್ನು ಜನ ನೋಡಬೇಕು. ಇಸ್ಮತಬಿ ಒಪ್ಪಿಲ್ಲ. ಗಂಡಸು ರೊಟ್ಟಿ ಬಡಿದರೆ ಓಣಿ ನಗುತ್ತದೆ ಎಂಬುದು ಅವರ ಅಂಜಿಕೆ. ಹಟ ಹಿಡಿದ ಮಗನಿಗೆ ಒಂದು ಕರಾರು ಹಾಕಿದ್ದಾರೆ: ತಾವು ತಪ್ಪು ಹಿಡಿಯಲಾಗದ ರೊಟ್ಟಿ ಬಂದ ದಿನ ಒಲೆ ಹೊರಗೆ. ಅಂಗಡಿ ಶುರುವಾಗಿ ನಾಲ್ಕು ವರ್ಷ. ತಪ್ಪು ಸಿಗದ ದಿನ ಬಂದಿಲ್ಲ.

ಇವತ್ತು ಮಾತ್ರ ಅವರ ಪರ ವಾದಿಸುವವರಿದ್ದಾರೆ. ಕುಣಿಕೋಣೂರಿನ ಅಣ್ಣಾರಾಯ, ಮಾಡಗ್ಯಾಳದ ಬಸಗೊಂಡ. ಇಬ್ಬರೂ ಸೈನ್ಯದಲ್ಲಿ ಬಾದಶಹಾ ಜೊತೆ ಒಂದೇ ಡೇರೆಯಲ್ಲಿ ಮಲಗಿದವರು. ಪರದೇಶದಿಂದ ತಿರುಗಿ ಬಂದ ದಿನವನ್ನು ಮರೆಯದೆ ಪ್ರತಿ ವರ್ಷ ಇಲ್ಲಿಗೆ ಉಣ್ಣಲು ಬರುತ್ತಾರೆ.

“ಬರ್ರಿ, ಕುಂದ್ರಿ,” ಎನ್ನುತ್ತಾರೆ ಇಸ್ಮತಬಿ. “ವರ್ಷಾ ವರ್ಷಾ ನನ್ನ ಮಗನ್ನ ಹೊಗಳಿ ಕೆಡಸಾಕ ಬರ್ತೀರಿ.”

ಹತ್ತು ವರ್ಷಕ್ಕೂ ಹಿಂದಿನ ಮಾತು. ವಿಶ್ವಸಂಸ್ಥೆಯ ನೀಲಿ ಹೆಲ್ಮೆಟ್ಟು ಹಾಕಿಕೊಂಡು ಈ ಹುಡುಗರು ದಕ್ಷಿಣ ಸುಡಾನಿಗೆ ಹೋದರು. ಅಲ್ಲಿನವರ ಒಳಯುದ್ಧಕ್ಕೆ ಹೆದರಿ ಓಡಿಬಂದ ಸಾವಿರಾರು ಸಂಸಾರಗಳು ಇವರ ಶಿಬಿರದ ಬೇಲಿಯೊಳಗೆ ಸೇರಿದ್ದವು. ಅಣ್ಣಾರಾಯ, ಬಸಗೊಂಡ ಅವರದು ಕಾವಲು. ಬಾದಶಹಾ ಅವರದು ಲಾಂಗರಿಯ ಹುದ್ದೆ, ಎಂದರೆ ಪಡೆಯ ಅಡುಗೆ. ಅನ್ನ, ದಾಲ್, ಚಪಾತಿ. ಎರಡು ತಿಂಗಳಿಗೆ ಹುಡುಗರ ನಾಲಗೆ ಸತ್ತುಹೋಯಿತು.

“ಒಂದಿನ ಗೇಟಿನ ಹೊರಗ ಹೆಣ್ಮಕ್ಕಳು ಚೀಲಾ ಇಟ್ಕೊಂಡು ಕುಂತಿದ್ರು,” ಎನ್ನುತ್ತಾರೆ ಬಾದಶಹಾ. “ನೋಡಿದ್ರ ಜ್ವಾಳರಿ. ಕೆಂಪನ ಜ್ವಾಳ. ಈ ಬಸಗೊಂಡ ಒಂದ್ ಬೊಗಸಿ ತಗೊಂಡು ಮೂಸಿ ನೋಡಿ ಅತ್ತಬಿಟ್ಟ.”

“ಅತ್ತಿದ್ದಿಲ್ಲ. ಕಣ್ಣಾಗ ಹೊಟ್ಟು ಹೋಗಿತ್ತು,” ಎನ್ನುತ್ತಾರೆ ಬಸಗೊಂಡ.

ಜೋಳ ಸಿಕ್ಕಿತು, ಬೀಸಿಸಿದ್ದೂ ಆಯಿತು. ಆಮೇಲೆ ಗೊತ್ತಾಯಿತು: ಹುಟ್ಟಿದಾಗಿನಿಂದ ದಿನಕ್ಕೆ ಎರಡು ಹೊತ್ತು ರೊಟ್ಟಿ ತಿಂದು ಬೆಳೆದವರ ಆ ಡೇರೆಯಲ್ಲಿ ರೊಟ್ಟಿ ಬಡಿಯಲು ಒಬ್ಬನಿಗೂ ಬರುವುದಿಲ್ಲ. ಮೊದಲ ದಿನದ್ದು ಹಂಚಿನ ಮೇಲೆ ಚೂರುಚೂರಾಯಿತು. ಚಮಚದಲ್ಲಿ ತಿಂದರು. ಭಾನುವಾರ ಮನೆಗೆ ಫೋನ್ ಮಾಡಿದಾಗ ಸಿಕ್ಕ ಹತ್ತು ನಿಮಿಷವೂ ಅದೇ ಮಾತು. ಇಸ್ಮತಬಿ ಬೆಚ್ಚಗಿನ ನೀರು ಹಾಕು ಅಂದರು. ಅಣ್ಣಾರಾಯರ ತಾಯಿ ಗೌರವ್ವ ಕುದಿಯುವ ನೀರೇ ಬೇಕು ಅಂದರು. ಬಸಗೊಂಡರ ಅಕ್ಕ, ಹಿಟ್ಟು ಹಳೆಯದಾದರೆ ದೇವರು ಬಂದರೂ ಆಗುವುದಿಲ್ಲ ಅಂದರು. ಯುದ್ಧ ಹೇಗಿದೆ ಎಂದು ಯಾರೂ ಕೇಳಲಿಲ್ಲ.

“ಕಡೀಕ ನಮ್ಮವ್ವ ಗೆದ್ಳು,” ಎನ್ನುತ್ತಾರೆ ಅಣ್ಣಾರಾಯ.

“ಸುಳ್ಳು,” ಎನ್ನುತ್ತಾರೆ ಇಸ್ಮತಬಿ.

ಮೂರು ತಿಂಗಳಿಗೆ ಬಾದಶಹಾ ಅವರ ಕೈ ಕುದುರಿತು. ಶಿಬಿರದಲ್ಲಿ ನೀರಿಗೆ ಸಾಲು ನಿಂತಿದ್ದ ಮುದುಕಿಯೊಬ್ಬಳಿಗೆ ಒಂದು ರೊಟ್ಟಿ ಕೊಟ್ಟರು. ಆಕೆ ಮುರಿದು ತಿಂದು, ಉಪ್ಪಿಲ್ಲ ಎಂದು ಸನ್ನೆ ಮಾಡಿ ತೋರಿಸಿದಳು. ತಾಯಿಯ ನೆನಪಾಗಿ ಬಾದಶಹಾ ಅಲ್ಲೇ ನಕ್ಕುಬಿಟ್ಟರು. ಬಿಸಿ ರೊಟ್ಟಿ ಉಳಿದರೆ ಒಣಗಿಸಿ ಖಡಕ್ ಮಾಡಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ಆ ಪೆಟ್ಟಿಗೆಯೇ ಕಡೆಗೆ ಕೆಲಸಕ್ಕೆ ಬಂತು. ಎರಡು ಪಡೆಗಳ ಕಾದಾಟ ಬೇಲಿಯವರೆಗೂ ಬಂದಾಗ ಮೂರು ದಿನ ಒಲೆ ಹಚ್ಚಲಾಗಲಿಲ್ಲ. ಕಾವಲಿನ ಹುಡುಗರು ಮರಳಿನ ಚೀಲಗಳ ಹಿಂದೆ ಸಿಕ್ಕಿಕೊಂಡರು. ಬಾದಶಹಾ ಪೆಟ್ಟಿಗೆ ಎಳೆದುಕೊಂಡು ತೆವಳುತ್ತ ಅವರ ಹತ್ತಿರ ಹೋದರು. ಮೂರೂ ದಿನ ಅದೇ ರೊಟ್ಟಿ, ಊರಿಂದ ಬಂದಿದ್ದ ಶೇಂಗಾ ಚಟ್ನಿ.

“ಮ್ಯಾಲ ಗುಂಡು, ಬಾಯಾಗ ಕಟುಂ ಕಟುಂ,” ಎನ್ನುತ್ತಾರೆ ಬಸಗೊಂಡ. “ಸುಬೇದಾರ್ ಸಾಹೇಬ್ರು ‘ಆವಾಜ್ ಮಾಡಬ್ಯಾಡ್ರಿ’ ಅಂತ ಬೈದ್ರು. ಖಡಕ್ ರೊಟ್ಟಿ ಆವಾಜ್ ಇಲ್ದ ಹೆಂಗ ತಿನ್ನೂದ್ರಿ?”

ಮೂರನೆಯ ದಿನ ಹತ್ತಿರದಲ್ಲೇ ಶೆಲ್ ಬಿತ್ತು. ಬಾದಶಹಾ ಅವರ ಬಲಗಿವಿ, ಅಣ್ಣಾರಾಯರ ಎಡಗೈಯ ಎರಡು ಬೆರಳು, ಅಡುಗೆಮನೆಯ ಹಂಚು ಹೋದವು. ಡೇರೆಯ ಹುಡುಗರೆಲ್ಲ ಬದುಕಿದರು. ಬೇಲಿಯ ಆಚೆ ಸತ್ತವರ ಲೆಕ್ಕ ಇವರಿಗೆ ಯಾರೂ ಹೇಳಲಿಲ್ಲ.

ಕತೆ ಮುಗಿಯುವ ಹೊತ್ತಿಗೆ ಬುಟ್ಟಿ ತುಂಬಿದೆ. ಬಸಗೊಂಡ ನಾಲ್ಕನೆಯ ರೊಟ್ಟಿ ಮುರಿಯುತ್ತ ವಾದ ಹೂಡುತ್ತಾರೆ: “ಅವ್ವಾ, ಅಲ್ಲಿ ನಾವು ಅಂಚು ನೋಡ್ಲಿಲ್ರಿ.”

“ನೀವು ಹಸದಿದ್ರಿ. ಹಸದವರ ಮಾತು ನಾ ಹಿಡ್ಯೂದಿಲ್ಲ,” ಎನ್ನುತ್ತಾರೆ ಇಸ್ಮತಬಿ. ಹಾಗೆಂದು ತಾವೇ ಬುಟ್ಟಿಯಿಂದ ಒಂದನ್ನು ತೆಗೆಯುತ್ತಾರೆ. ಬೆಳಕಿಗೆ ಹಿಡಿಯುತ್ತಾರೆ. ಸುತ್ತಲೂ ತಿರುಗಿಸಿ ಅಂಚು ನೋಡುತ್ತಾರೆ, ಬೆನ್ನು ನೋಡುತ್ತಾರೆ. ಬಾದಶಹಾ ಬಡಿಯುವುದನ್ನು ನಿಲ್ಲಿಸಿದ್ದಾರೆ. ಹೊರಗಿನ ಯಾಸ್ಮಿನ ಪರದೆ ಸರಿಸಿ ಇಣುಕುತ್ತಿದ್ದಾರೆ. ಇಸ್ಮತಬಿ ಬದನೆಕಾಯಿ ಪಲ್ಯ ಹಚ್ಚಿಕೊಂಡು ನಿಧಾನಕ್ಕೆ ತಿನ್ನುತ್ತಾರೆ. ಬೆರಳು ನೆಕ್ಕುತ್ತಾರೆ. ತಟ್ಟೆ ಮುಂದೆ ತಳ್ಳುತ್ತಾರೆ.

“ಇನ್ನೊಂದು ಹಾಕು.”

ಒಂದೂ ತಪ್ಪು ಹಿಡಿದಿಲ್ಲ. ಅಣ್ಣಾರಾಯ ಎದ್ದು ಪರದೆಯ ದಾರ ಬಿಚ್ಚತೊಡಗುತ್ತಾರೆ.

“ನಾ ಚಲೋ ಅಂದಿಲ್ಲ,” ಎನ್ನುತ್ತಾರೆ ಇಸ್ಮತಬಿ.

“ಅನ್ನಬ್ಯಾಡ್ರಿ ಅವ್ವಾ. ನೀವು ಉಣ್ರಿ,” ಎನ್ನುತ್ತಾರೆ ಅಣ್ಣಾರಾಯ.

ಒಲೆ ಕಬ್ಬಿಣದ್ದು, ಒಳಗೆ ಕಟ್ಟಿಗೆ ಉರಿಯುತ್ತಿದೆ. ಆರಲಿ ಎಂದು ಕಾಯುವ ತಾಳ್ಮೆ ಯಾರಿಗೂ ಇಲ್ಲ. ಕೆಳಗೆ ಎರಡು ಬಿದಿರು ತೂರಿಸಿ, ಗಾಯಾಳುವನ್ನು ಹೊರುವಂತೆ ಮೂವರೂ ಎತ್ತುತ್ತಾರೆ. ಎಂಟು ಬೆರಳಿನ ಅಣ್ಣಾರಾಯರದೇ ಹುಕುಂ: ಏಕ್, ದೋ, ಉಠಾವ್. ಯಾಸ್ಮಿನ ಗಲ್ಲೆ ಎಳೆದು ದಾರಿ ಬಿಡುತ್ತಾರೆ. ರೊಟ್ಟಿಗೆ ಬಂದ ಕಂಡಕ್ಟರು ನಗುತ್ತ ನಿಂತಿದ್ದಾರೆ.

“ಏನ್ ಭಾಭಿ, ಬಡ್ಯಾಂವ ಇವರೇನು?”

“ಹೂನ್ರಿ. ಮೊದಲಿಂದೂ ಇವರ,” ಎನ್ನುತ್ತಾರೆ ಯಾಸ್ಮಿನ.

ಬಾದಶಹಾ ಬೀದಿಗೆ ಮುಖ ಮಾಡಿ ಕೂರುತ್ತಾರೆ. ಇಸ್ಮತಬಿ ತಟ್ಟೆಯ ಸಮೇತ ಬಂದು ಎಡಕ್ಕೆ ಕೂರುತ್ತಾರೆ. ಮಗನ ಕೈ ಮತ್ತೆ ಹಿಟ್ಟಿಗೆ ಇಳಿಯುತ್ತದೆ. “ಮಂದಿ ನಕ್ರ ನಗ್ಲಿ,” ಎನ್ನುತ್ತಾರೆ ಬಾದಶಹಾ. “ನಾ ಬಡ್ದದ್ದು ಅಂತ ಗೊತ್ತಾತಲ್ಲ.”

ಒಲೆ ಹೊರಗೆ ಬರುವಷ್ಟರಲ್ಲಿ ಒಂದು ನೀರಿನ ಗಡಿಗೆ ಒಡೆದಿದೆ, ಹಂಚಿನ ಮೇಲಿದ್ದ ಒಂದು ರೊಟ್ಟಿ ಕರಕಾಗಿದೆ.