ಮುತ್ತನ್ನು ತೊಗರಿಯಾಗಿ ತಿದ್ದಿದ ಗುರುಗಳು

ಹಾಡಿನೊಳಗಿನ ಹೋಲಿಕೆ ಎಲ್ಲಿಂದ ಹುಟ್ಟುತ್ತದೆ, ಅದು ಕೇಳುವವರ ಕರುಳನ್ನು ಏಕೆ ಹಿಂಡುತ್ತದೆ ಎಂಬುದನ್ನು ಮೂವತ್ತಮೂರು ವರ್ಷ ನಮ್ಮ ಸೀಮೆಯ ಮಕ್ಕಳಿಗೆ ಕಲಿಸಿದ ಪ್ರೊ. ಕಮರುನ್ನೀಸಾ ಅವರು ಈ ವರ್ಷ ಸೇಡಂನಲ್ಲಿ ಸೇವಾನಿವೃತ್ತರಾಗುತ್ತಿದ್ದಾರೆ. ಹಾಡಿನ ಅಧ್ಯಯನದಲ್ಲಿ ಅವರ ಹೆಸರು ದೊಡ್ಡದು. ಆದರೆ ಆ ಹೆಸರನ್ನು ದೊಡ್ಡದು ಮಾಡಿದ್ದು ಅವರ ಒಂದು ತಪ್ಪು ಎಂದರೆ ಅವರೇ ಮೊದಲು ನಗುತ್ತಾರೆ.

ಶಹಾಬಾದಿನಲ್ಲಿ ಹಾಸುಗಲ್ಲು ಕಡಿಯುತ್ತಿದ್ದ ಮಜೀದಸಾಬರ ಮಗಳು ಅವರು. ಚಿಂಚೋಳಿಯಲ್ಲಿ ನೌಕರಿಗೆ ಸೇರಿದ ಹೊಸದರಲ್ಲಿ ಜೈಭೀಮ ಎಂಬ ವಿದ್ಯಾರ್ಥಿ, ಟಂಟಂ ಆಟೋದಲ್ಲಿ ಕೇಳಿದ ಅಳುವಿನ ಹಾಡೊಂದನ್ನು ಪಾಠಕ್ಕೆಂದು ಬರೆದು ತಂದ. ಉಳಿದವರು ಮುಸಿಮುಸಿ ನಕ್ಕರು. ಮೇಡಂ ಅಂದು ಇಡೀ ತಾಸು ಅದೇ ಹಾಡಿನ ಮೇಲೆ ಪಾಠ ಮಾಡಿದರು. "ಅಳು ಬಂತಂದ್ರ ನಾಚಿಕಿ ಪಡಬ್ಯಾಡ್ರಿ. ಹಾಡಿನ್ಯಾಗ ಏನಿಟ್ಟು ಅಳಸ್ಯಾರ, ಅದನ್ನ ಹುಡುಕ್ರಿ," ಎಂದರು. ಜೈಭೀಮ ಇಂದು ಚಿತ್ತಾಪುರದಲ್ಲಿ ಕನ್ನಡ ಮಾಸ್ತರ.

ಸೇಡಂಗೆ ವರ್ಗವಾಗಿ ಬಂದ ಮೇಲೆ ಬೀಸುಕಲ್ಲಿನ ಪದಗಳನ್ನು ಕೂಡಿಸಿ ಪುಸ್ತಕ ಮಾಡಿದರು. ಅದರ ಕಳಶಪ್ರಾಯವಾದ ಪದ ಮಳಖೇಡದ ಸುಂದರಮ್ಮನದು. ಮಗಳು ಲುಂಬಿನಿಯನ್ನು ವಾಡಿ ಊರಿಗೆ ಮದುವೆ ಮಾಡಿ ಕೊಟ್ಟ ವರ್ಷ, ತೊಗರಿ ಒಡೆಯುತ್ತಾ ಆಕೆ ಕಟ್ಟಿದ್ದು:

ತೊಗರೀಯ ಕಾಳೊಡದು ಎರಡ ಬ್ಯಾಳಿ ಆದಾವ
ಒಂದು ನನ ಕೂಡ ಉಳದೀತ, ನನ ಮಗಳ
ಒಂದು ನಿನ ಮನಿಯ ಹಸಿವೀಗಿ

ಅಚ್ಚಿಗೆ ಕೊಡುವಾಗ ಎಳೆ ಪ್ರಾಯದ ಉಪನ್ಯಾಸಕಿಗೆ 'ತೊಗರಿ' ಬಡವಾಗಿ ಕಂಡಿತು. 'ಮುತ್ತೀನ ಕಾಳೊಡದು' ಎಂದು ತಿದ್ದಿದರು. ಪುಸ್ತಕ ಕೈಗಿಟ್ಟು, ಅಕ್ಷರ ಬಾರದ ಸುಂದರಮ್ಮನಿಗೆ ಹಿಗ್ಗಿನಿಂದ ಓದಿ ಹೇಳಿದರು. ಆಕೆ ಬೀಸುಕಲ್ಲಿನ ಗೂಟದಿಂದ ಕೈ ತೆಗೆದಳು.

"ಮುತ್ತು ಒಡದ್ರ ಹೋಯ್ತು ಅಕ್ಕೋರ, ಮತ್ತ ಕೂಡಂಗಿಲ್ಲ. ತೊಗರಿ ಒಡದ್ರs ಬ್ಯಾಳಿ, ಬ್ಯಾಳಿ ಆದ್ರs ಊಟ. ನನ್ನ ಮಗಳು ಬಾಳೇವು ಮಾಡ್ಲಿಕತ್ತಾಳ. ಅಕಿ ಒಡದು ಹಾಳಾಗ್ಯಾಳಂತ ಬರದೀರಲ್ಲ! ಇನ್ನ ನಿಮಗ ನಾ ಹಾಡಂಗಿಲ್ಲ."

ಆಕೆ ಹಾಡಲಿಲ್ಲ. ಊರ ಹೆಂಗಸರೂ ಬಾಯಿ ಹೊಲಿದುಕೊಂಡರು. ಕಮರುನ್ನೀಸಾ ಅವರಿಗೆ ಅದು ಎದೆಗೇ ತಗುಲಿತು. ಅಚ್ಚಾಗಿದ್ದು ಮುನ್ನೂರು ಪ್ರತಿ. ಕಾಲೇಜಿಗೆ ಸೂಟಿ ಬಂದಾಗಲೆಲ್ಲ ಬಸ್ಸು ಹತ್ತಿ, ಚಿತ್ತಾಪುರ, ಶಹಾಬಾದ, ಕಾಳಗಿ, ಚಿಂಚೋಳಿಗಳ ಗ್ರಂಥಾಲಯಗಳಲ್ಲಿ, ಗೆಳೆಯರ ಮನೆಗಳಲ್ಲಿ ಕುಳಿತು, ಪ್ರತಿಯೊಂದರಲ್ಲೂ 'ಮುತ್ತು' ಹೊಡೆದುಹಾಕಿ 'ತೊಗರಿ' ಎಂದು ಬರೆದು, ಕೆಳಗೆ 'ತಪ್ಪು ನನ್ನದು' ಎಂದು ರುಜು ಹಾಕಿದರು. ರೂಪಕವನ್ನು ಕುರಿತ ಅವರ ಮುಂದಿನ ಬರಹಗಳೆಲ್ಲ ಈ ಅಲೆದಾಟದಿಂದಲೇ ಹುಟ್ಟಿದವು. ಹೋಲಿಕೆ ಹಾಡುವವರ ಕೈಗೆ ನಿತ್ಯ ತಗಲುವ ವಸ್ತುವಿನಿಂದ ಬರಬೇಕೆಂಬ ಅವರ ಮಾತು ಈಗ ಎಲ್ಲರ ಬಾಯಲ್ಲಿದೆ. ಆದರೆ ಒಂದು ಪ್ರತಿ ಉಳಿಯಿತು, ಸುಂದರಮ್ಮನ ಕೈಗಿಟ್ಟದ್ದು. ಊರೂರು ತಿರುಗಿದವರಿಗೆ ಹತ್ತು-ಹನ್ನೆರಡೇ ಮೈಲಿ ದೂರದ ಮಳಖೇಡದ ಆ ಹೊಸ್ತಿಲು ದಾಟುವ ಧೈರ್ಯ ಇಪ್ಪತ್ತೈದು ವರ್ಷ ಬರಲಿಲ್ಲ.

ಹೋದ ತಿಂಗಳು ವಾಡಿಯಿಂದ ಲುಂಬಿನಿಯೇ ಕಾಲೇಜಿಗೆ ಬಂದರು. "ಮೇಡಂ, ನಮ್ಮವ್ವ ಆ ಪುಸ್ತಕ ಸಂದೂಕದಾಗ ಇಟ್ಟಾಳ್ರಿ. ಯಾರಿಗೂ ಮುಟ್ಟಗೊಡಂಗಿಲ್ಲ. 'ಅಕ್ಕೋರು ಎಲ್ಲಾ ಕಡಿ ತಿದ್ಯಾರಂತ, ನನ್ನ ಮನಿಗಿ ಯಾವಾಗ ಬರ್ತಾರ' ಅಂತ ಕೇಳ್ತಾಳ."

ಮೇಡಂ ಅಂದೇ ಹೊರಟರು. ಎಂಬತ್ತು ದಾಟಿದ ಸುಂದರಮ್ಮ ಪುಸ್ತಕ ತೆಗೆದುಕೊಟ್ಟಳು. ಮೇಡಂ ಮುನ್ನೂರನೆಯ ಸಲ 'ತೊಗರಿ' ಎಂದು ಬರೆದರು. ಮುದುಕಿ ಆ ಅಕ್ಷರಗಳ ಮೇಲೆ ಬೆರಳಾಡಿಸಿ, "ಕುಂದ್ರಿ," ಎಂದು ಹಾಡಲು ಗಂಟಲು ಸರಿಮಾಡಿಕೊಂಡಳು. ರೂಢಿಬಲದಿಂದ ಚೀಲದೊಳಗಿನ ನೋಟುಬುಕ್ಕಿಗೆ ಮೇಡಂ ಅವರ ಕೈ ಹೋಯಿತು. ತಡೆದು, ಚೀಲವನ್ನು ಬದಿಗೆ ಸರಿಸಿದರು.

ಗುರುಗಳಿಗೆ ಆಯುಸ್ಸು, ಆರೋಗ್ಯ, ಇನ್ನಷ್ಟು ಬರೆಯುವ ಕಸುವು ಇರಲೆಂದು ಶಿಷ್ಯರಾದ ನಾವು ಹಾರೈಸುತ್ತೇವೆ. ಅಂದು ಸುಂದರಮ್ಮ ಹಾಡಿದ ಹೊಸ ಪದ ಯಾವುದೆಂದು ಕೇಳಿದರೆ ಅವರು ಹೇಳುವುದಿಲ್ಲ. "ಮಳಖೇಡಕ್ಕ ಹೋಗ್ರಿ, ಅಕಿ ಬಾಯಿಲೇ ಕೇಳ್ರಿ," ಎನ್ನುತ್ತಾರೆ.